ಜೊಹೋರ್ ಕಡಲಲ್ಲಿ ಹಿಡಿದ ಹಡಗು: ಸಾಂತಾ ಕತರೀನಾ ಪ್ರಕರಣ

1603ರ ಫೆಬ್ರುವರಿ 25, ಬೆಳಗಿನ ಜಾವ. ಇವತ್ತಿನ ಸಿಂಗಪುರದ ಪೂರ್ವಕ್ಕೆ, ಜೊಹೋರ್ ನದಿ ಕಡಲು ಸೇರುವ ಕಡೆ, ಒಂದು ದೊಡ್ಡ ಪೋರ್ಚುಗೀಸ್ ಹಡಗು ಲಂಗರು ಹಾಕಿ ನಿಂತಿತ್ತು. ಹೆಸರು ಸಾಂತಾ ಕತರೀನಾ. ಚೀನಾ ಕರಾವಳಿಯ ಮಕಾವಿನಿಂದ ಮಲಯಾದ ಮಲಕ್ಕಾಕ್ಕೆ ಹೊರಟಿದ್ದ ಹಡಗು. ಎರಡೂ ಪೋರ್ಚುಗೀಸರ ಕೈಯಲ್ಲಿದ್ದ ಬಂದರುಗಳು. ಒಡಲ ತುಂಬ ಚೀನಾದ ಸರಕು: ಕಚ್ಚಾ ರೇಷ್ಮೆಯ ಸಾವಿರಕ್ಕೂ ಜಾಸ್ತಿ ಮೂಟೆ, ಪಿಂಗಾಣಿ, ಸಕ್ಕರೆ, ಕಸ್ತೂರಿ. ಹಡಗಿನಲ್ಲಿ ನೂರಾರು ಜನರಿದ್ದರು. ಸೈನಿಕರು, ವ್ಯಾಪಾರಿಗಳು, ಅವರ ಜೊತೆ ಹೆಂಗಸರು ಮಕ್ಕಳು.

ಎದುರಿಗೆ ಬಂದವರು ಡಚ್ಚರು. ಮುಂದಾಳು ಯಾಕೋಬ್ ವಾನ್ ಹೀಮ್ಸ್‌ಕರ್ಕ್. ಆರು ವರ್ಷದ ಹಿಂದೆ ಉತ್ತರ ಧ್ರುವದ ಕಡೆ ದಾರಿ ಹುಡುಕಲು ಹೋಗಿ, ನೊವಾಯಾ ಝೆಮ್ಲ್ಯಾ ದ್ವೀಪದ ಹಿಮದಲ್ಲಿ ಚಳಿಗಾಲ ಪೂರ್ತಿ ಸಿಕ್ಕಿಬಿದ್ದು ಬದುಕಿ ಬಂದ ಮನುಷ್ಯ. ಈಗ ಅವನ ಕೈಯಲ್ಲಿದ್ದದ್ದು ಆ ದೊಡ್ಡ ಹಡಗಿಗಿಂತ ಚಿಕ್ಕ ಹಡಗುಗಳು, ಕಡಿಮೆ ಜನ. ಜೊಹೋರ್ ಅರಸು ಮನೆತನದವರು ಅವನ ಬೆನ್ನಿಗಿದ್ದರು. ಅವರಿಗೂ ಮಲಕ್ಕಾದ ಪೋರ್ಚುಗೀಸರಿಗೂ ಹಳೆಯ ಹಗೆ.

ಇಡೀ ದಿನ ಗುಂಡು ಹಾರಿತು. ಹೀಮ್ಸ್‌ಕರ್ಕ್ ತನ್ನವರಿಗೆ ಹೇಳಿದ್ದು ಒಂದೇ: ಹಾಯಿಗೆ ಹೊಡೆಯಿರಿ, ಹಡಗಿನ ಒಡಲಿಗೆ ಬೇಡ. ಒಡಲು ಒಡೆದರೆ ಸರಕು ನೀರುಪಾಲು. ಸಂಜೆ ಹೊತ್ತಿಗೆ ಹಾಯಿಗಳು ಚಿಂದಿಯಾಗಿದ್ದವು. ಹಡಗಿನ ಕಪ್ತಾನ ಸೆಬಾಸ್ಟಿಯಾವ್ ಸೆರ್ರಾವ್ ಸೋಲೊಪ್ಪಿದ. ಜೀವ ಉಳಿಸಿ, ಹಡಗು ಸರಕು ತೆಗೆದುಕೊಳ್ಳಿ ಎಂಬ ಒಪ್ಪಂದವಾಯಿತು. ಡಚ್ಚರು ಮಾತು ಉಳಿಸಿಕೊಂಡರು. ಸೆರೆಸಿಕ್ಕವರನ್ನು ಮಲಕ್ಕಾಕ್ಕೆ ಕಳಿಸಿಕೊಟ್ಟರು. ಆಮೇಲೆ ಮಲಕ್ಕಾದವರೇ ಹೀಮ್ಸ್‌ಕರ್ಕ್‌ಗೆ ಪತ್ರ ಬರೆದು ಇದನ್ನು ಒಪ್ಪಿಕೊಂಡರು. ಮುಂದೆ ಡಚ್ ವಕೀಲರಿಗೆ ಆ ಪತ್ರಗಳು ತುಂಬಾ ಉಪಯೋಗಕ್ಕೆ ಬಂದವು.

ಸರಕು ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜಾಯಿತು. ಬಂದದ್ದು ಸುಮಾರು 35 ಲಕ್ಷ ಗಿಲ್ಡರ್ (ಆಗಿನ ಡಚ್ ನಾಣ್ಯ). ಇದು ಎಷ್ಟು ದೊಡ್ಡ ಮೊತ್ತ ಅಂದರೆ, 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಒಟ್ಟು ಮೂಲ ಬಂಡವಾಳವೇ ಸುಮಾರು 64 ಲಕ್ಷ. ಒಂದೇ ಹಡಗಿನಿಂದ ಅದರ ಅರ್ಧಕ್ಕಿಂತ ಜಾಸ್ತಿ. ಆ ಹಡಗಿನಲ್ಲಿದ್ದಂಥ ನೀಲಿ-ಬಿಳಿ ಚೀನೀ ಪಿಂಗಾಣಿಯನ್ನು ಡಚ್ಚರು ಇಂದಿಗೂ 'ಕ್ರಾಕ್' ಪಿಂಗಾಣಿ ಎನ್ನುತ್ತಾರೆ. ಕ್ರಾಕ್ ಎಂದರೆ ಅವರ ಬಾಯಲ್ಲಿ ಆ ಜಾತಿಯ ಪೋರ್ಚುಗೀಸ್ ಹಡಗು.

ದುಡ್ಡು ಬಂತು. ಆದರೆ ಅದು ಯಾರ ದುಡ್ಡು? ವಿಷಯ ಇಲ್ಲಿಂದ ಶುರು.

ತಕರಾರು ಏನು

ಹೀಮ್ಸ್‌ಕರ್ಕ್ ಸರ್ಕಾರದ ಸೇನಾಪತಿಯಾಗಿ ಹೊರಟವನಲ್ಲ. ಆಮ್‌ಸ್ಟರ್‌ಡ್ಯಾಮಿನ ಒಂದು ವ್ಯಾಪಾರಿ ಕಂಪನಿಯ ನೌಕರ. ಅದೇ ಕಂಪನಿ ಆಮೇಲೆ ಈಸ್ಟ್ ಇಂಡಿಯಾ ಕಂಪನಿಯೊಳಗೆ ಸೇರಿಕೊಂಡಿತು. ಅವನ ಬಳಿ ಡಚ್ ರಾಜಕುಮಾರ ಮೌರಿಟ್ಸ್ ಕೊಟ್ಟ ಒಂದು ಪರವಾನಗಿ ಪತ್ರವಿತ್ತು. ಯಾರಾದರೂ ಅಡ್ಡ ಬಂದರೆ, ಹಾನಿ ಮಾಡಿದರೆ ಕೈ ಎತ್ತಬಹುದು ಅಂತಷ್ಟೇ ಅದರ ಸಾರ. ಲಂಗರು ಹಾಕಿ ನಿಂತ ಹಡಗಿನ ಮೇಲೆ ತಾನಾಗಿ ಏರಿ ಹೋಗು ಅಂತ ಅದರಲ್ಲಿ ಇರಲಿಲ್ಲ.

ನಿಜ, ಡಚ್ಚರು ಸ್ಪೇನ್ ದೊರೆಯ ವಿರುದ್ಧ ದಂಗೆಯೆದ್ದು ದಶಕಗಳಿಂದ ಹೋರಾಡುತ್ತಿದ್ದರು. 1580ರಿಂದ ಪೋರ್ಚುಗಲ್ ಕೂಡ ಅದೇ ದೊರೆಯ ಕೈಕೆಳಗೆ ಬಂದಿತ್ತು. ಆದರೆ ಆ ಯುದ್ಧ ಯುರೋಪಿನದು. ಅದನ್ನು ಹತ್ತು ಸಾವಿರ ಮೈಲಿ ಆಚೆ ಒಬ್ಬ ವ್ಯಾಪಾರಿ ತನ್ನ ಪಾಡಿಗೆ ನಡೆಸಬಹುದಾ? ನಡೆಸಿದರೆ ಅದನ್ನು ಯುದ್ಧ ಅನ್ನಬೇಕಾ, ಕಡಲ್ಗಳ್ಳತನ ಅನ್ನಬೇಕಾ?

ಕಂಪನಿಯ ಪಾಲುದಾರರಲ್ಲೇ ಕೆಲವರಿಗೆ ಇದು ಹಿಡಿಸಲಿಲ್ಲ. ಅವರಲ್ಲಿ ಮೆನ್ನೊನೈಟ್ ಪಂಥದವರಿದ್ದರು. ಅವರ ನಂಬಿಕೆಯಲ್ಲಿ ಹಿಂಸೆಯೇ ಪಾಪ. ರಕ್ತ ಅಂಟಿದ ಲಾಭ ನಮಗೆ ಬೇಡ ಎಂದು ಹಿಂದೆ ಸರಿದರು. ಈ ಪ್ರಕರಣದಲ್ಲಿ ನನಗೆ ಗೌರವ ಹುಟ್ಟುವ ಜನರೆಂದರೆ ಮೊದಲು ಇವರೇ. ಹರಾಜಿನ ದುಡ್ಡು ಕಣ್ಣೆದುರಿಗೇ ಇದ್ದಾಗ ಬೇಡ ಅನ್ನುವುದು ಸುಮ್ನೆ ಮಾತಲ್ಲ.

1604ರ ಸೆಪ್ಟೆಂಬರ್ 9ರಂದು ಆಮ್‌ಸ್ಟರ್‌ಡ್ಯಾಮಿನ ನೌಕಾ ನ್ಯಾಯಾಲಯ ತೀರ್ಪು ಕೊಟ್ಟಿತು. ಹಡಗು, ಸರಕು ಎರಡೂ ನ್ಯಾಯವಾಗಿ ಗೆದ್ದ ಯುದ್ಧದ ಕೊಳ್ಳೆ, ಹಾಗಾಗಿ ಹಿಡಿದವರದೇ. ಹಕ್ಕುದಾರರು ಯಾರಾದರೂ ಇದ್ದರೆ ಬನ್ನಿ ಅಂತ ಕರೆ ಹೋಗಿತ್ತು, ಯಾರೂ ಬರಲಿಲ್ಲ. ಮಕಾವಿನ ವ್ಯಾಪಾರಿ ತನ್ನ ಶತ್ರುವಿನ ಊರಿಗೆ ಬಂದು ಕೋರ್ಟಿನಲ್ಲಿ ಹೇಗೆ ನಿಂತಾನು? ಪ್ರತಿವಾದಿಯೇ ಇಲ್ಲದ ಕೇಸು. ತೀರ್ಪಿಗೆ ಕೊಟ್ಟ ಕಾರಣಗಳೂ ಒಂದರ ಮೇಲೊಂದು ಪೇರಿಸಿಟ್ಟ ಹಾಗಿವೆ. ಪರವಾನಗಿ ಪತ್ರ, ಸರ್ಕಾರದ ಹಳೆಯ ಆಜ್ಞೆ, ಪೋರ್ಚುಗೀಸರ ಕ್ರೌರ್ಯ, ನೈಸರ್ಗಿಕ ಕಾನೂನು, ಎಲ್ಲ ಸ್ವಲ್ಪ ಸ್ವಲ್ಪ. ಯಾವುದು ನಿಜವಾಗಿ ಭಾರ ಹೊರುತ್ತಿದೆ ಅಂತ ಓದಿದವರಿಗೆ ತಿಳಿಯುವುದಿಲ್ಲ.

ಕೋರ್ಟು ಗೆಲ್ಲಿಸಿದರೂ ಜನರ ಮನಸ್ಸು ಒಪ್ಪಿರಲಿಲ್ಲ. ಕಂಪನಿಗೆ ಒಬ್ಬ ಒಳ್ಳೆಯ ಬರಹಗಾರ ಬೇಕಾಯಿತು.

ಇಪ್ಪತ್ತೊಂದರ ವಕೀಲ

ಹ್ಯೂಗೋ ಗ್ರೋಷಿಯಸ್ 1583ರಲ್ಲಿ ಡೆಲ್ಫ್ಟ್ ಊರಿನಲ್ಲಿ ಹುಟ್ಟಿದವನು. ಹನ್ನೊಂದನೇ ವಯಸ್ಸಿಗೆ ಲೈಡನ್ ವಿಶ್ವವಿದ್ಯಾಲಯ ಸೇರಿದ್ದ. 1604ರ ಕೊನೆಯಲ್ಲಿ ಅವನಿಗೆ ಇಪ್ಪತ್ತೊಂದು. ಕಂಪನಿಯ ನಿರ್ದೇಶಕರೊಬ್ಬರ ತಮ್ಮ ಇವನ ಗೆಳೆಯ. ಅವನ ಮೂಲಕ ಕೆಲಸ ಬಂತು, ಅದರ ಹಿಂದೆಯೇ ಕಾಗದಪತ್ರಗಳ ಕಟ್ಟೂ ಬಂತು. ಕಂಪನಿಗೆ ಬೇಕಿದ್ದದ್ದು ಒಂದು ಚಿಕ್ಕ ಕೈಪಿಡಿ, ಬೇಗ. ಗ್ರೋಷಿಯಸ್ ಎರಡು ವರ್ಷ ಕೂತು ದಪ್ಪ ಗ್ರಂಥವನ್ನೇ ಬರೆದ.

ಈ ಹುಡುಗ ಹಿಡಿದ ದಾರಿಯಿಂದಲೇ ಪ್ರಕರಣಕ್ಕೆ ಇಷ್ಟು ಮಹತ್ವ. ಪರವಾನಗಿ ಪತ್ರದ ಸಾಲುಗಳನ್ನು ಅವನು ಆಸರೆಯಾಗಿ ಹಿಡಿಯಲಿಲ್ಲ, ಅದು ಗಟ್ಟಿಯಿಲ್ಲ ಅಂತ ಅವನಿಗೆ ಗೊತ್ತಿತ್ತು. ಡಚ್ ಕಾನೂನನ್ನೂ ಹಿಡಿಯಲಿಲ್ಲ, ಅದು ಪೋರ್ಚುಗೀಸರಿಗೆ ಅನ್ವಯಿಸದು. ಪೋಪರ ಮಾತು ತನ್ನ ಪ್ರಾಟೆಸ್ಟೆಂಟ್ ಜನಕ್ಕೆ ಸಲ್ಲದು. ಎಲ್ಲರಿಗೂ ಸಮಾನವಾದ ನೆಲ ಒಂದು ಬೇಕಿತ್ತು. ಅದು ನೈಸರ್ಗಿಕ ಕಾನೂನು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕೋರ್ಟುಗಳಲ್ಲಿ 'ಸಹಜ ನ್ಯಾಯ' ಅನ್ನುತ್ತೇವಲ್ಲ, ಎರಡೂ ಕಡೆಯವರ ಮಾತು ಕೇಳದೆ ತೀರ್ಪು ಕೊಡಬಾರದು ಅನ್ನೋದು, ಅದು ಬೇರೆ. ನೈಸರ್ಗಿಕ ಕಾನೂನು ಅಂದರೆ ಯಾವ ರಾಜನೂ ಬರೆಯದ, ಮನುಷ್ಯ ಮನುಷ್ಯನಾಗಿರುವುದರಿಂದಲೇ ಎಲ್ಲರ ಮೇಲೂ ಇರುವ ಕಟ್ಟಳೆ. ತನ್ನ ಜೀವ ಕಾಪಾಡಿಕೊಳ್ಳಬಹುದು. ಬದುಕಿಗೆ ಬೇಕಾದ್ದನ್ನು ಗಳಿಸಬಹುದು. ಬೇರೆಯವರಿಗೆ ಕೇಡು ಮಾಡಬಾರದು, ಅವರದನ್ನು ಕಿತ್ತುಕೊಳ್ಳಬಾರದು. ಗ್ರೋಷಿಯಸ್ ಇಂಥ ಸೂತ್ರಗಳನ್ನು ಗಣಿತದ ಪಾಠದ ಹಾಗೆ ಮೊದಲೇ ಜೋಡಿಸಿ, ಅವುಗಳಿಂದಲೇ ತೀರ್ಮಾನ ಇಳಿಸುತ್ತಾ ಹೋದ.

ಪೋರ್ಚುಗೀಸರ ಹಕ್ಕು ಏನಾಗಿತ್ತು

1493ರಲ್ಲಿ ಆರನೇ ಅಲೆಕ್ಸಾಂಡರ್ ಪೋಪ್ ಹೊಸ ನೆಲಗಳ ಮೇಲಿನ ಹಕ್ಕಿಗೆ ಗೆರೆ ಎಳೆದರು. ಮರುವರ್ಷ ಟೋರ್ಡೆಸಿಲಾಸ್ ಒಪ್ಪಂದದಲ್ಲಿ ಸ್ಪೇನ್, ಪೋರ್ಚುಗಲ್ ಆ ಗೆರೆಯನ್ನು ಸರಿಸಿ ಹಂಚಿಕೊಂಡವು. ಆ ಲೆಕ್ಕದಲ್ಲಿ ಹಿಂದೂ ಮಹಾಸಾಗರ ಪೋರ್ಚುಗೀಸರಿಗೆ ಬಂತು. ನಮ್ಮ ಕಡಲು ಹಂಚಿಹೋಗಿದ್ದು ಇಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ.

ಈ ಹಕ್ಕು ಬರೀ ಕಾಗದದ ಮೇಲಿನದಲ್ಲ ಅಂತ ಕನ್ನಡ ಕರಾವಳಿಗೆ ಚೆನ್ನಾಗಿ ಗೊತ್ತಿತ್ತು. 1502ರಲ್ಲಿ ವಾಸ್ಕೋ ಡ ಗಾಮ ಎರಡನೇ ಸಲ ಬಂದಾಗ ಭಟ್ಕಳದ ಮೇಲೆ ದಾಳಿ ಮಾಡಿ, ಅಕ್ಕಿಯ ಕಪ್ಪ ಹೇರಿದ. 1560ರ ದಶಕದ ಕೊನೆಗೆ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಪೋರ್ಚುಗೀಸರ ಕೋಟೆಗಳಿದ್ದವು. ಹಡಗು ಕಡಲಿಗೆ ಇಳಿಯಬೇಕಾದರೆ ಅವರಿಂದ 'ಕರ್ತಾಜ್' ಎಂಬ ರಹದಾರಿ ಚೀಟಿ ತೆಗೆದುಕೊಳ್ಳಬೇಕು. ಹಡಗು ಎಷ್ಟು ದೊಡ್ಡದು, ನಾಖುದ (ಹಡಗಿನ ಯಜಮಾನ) ಯಾರು, ಎಲ್ಲಿಂದ ಎಲ್ಲಿಗೆ, ಏನು ಹೇರಿದೆ ಎಲ್ಲ ಅದರಲ್ಲಿ ಬರೆದಿರಬೇಕು. ಮೆಣಸು ಹೇರುವ ಹಾಗಿಲ್ಲ. ಅವರ ಬಂದರಿಗೆ ಹೋಗಿ ಸುಂಕ ಕಟ್ಟಬೇಕು. ಚೀಟಿ ಇಲ್ಲದಿದ್ದರೆ ಹಡಗು ಜಪ್ತಿ. ಅಕ್ಬರನಂಥ ಬಾದಶಹನ ಹಡಗುಗಳು ಹಜ್ ಯಾತ್ರೆಗೆ ಹೋಗಲೂ ಇದೇ ಚೀಟಿ ಬೇಕಿತ್ತು. ಕನ್ನಡದಲ್ಲಿ ಪರಂಗಿ ಎಂದರೆ ಆ ಜನ, ಫಿರಂಗಿ ಎಂದರೆ ತೋಪು. ಎರಡು ಪದಗಳ ಬೇರು ಒಂದೇ. ಜನರ ನೆನಪು ಭಾಷೆಯಲ್ಲಿ ಹೀಗೆ ಉಳಿದಿದೆ.

ಪೋರ್ಚುಗೀಸ್ ಇತಿಹಾಸಕಾರ ಜೊವಾವ್ ದ ಬಾರೋಸ್ ಹದಿನಾರನೇ ಶತಮಾನದ ನಡುವಿನಲ್ಲೇ ಇದಕ್ಕೆ ಕಾರಣ ಬರೆದಿಟ್ಟಿದ್ದ. ಕಡಲು ಎಲ್ಲರದು ಅನ್ನುವ ಹಕ್ಕು ಇದೆ, ಆದರೆ ಅದು ಯುರೋಪಿನ ಕ್ರೈಸ್ತರ ನಡುವೆ ಮಾತ್ರ, ಮುಸಲ್ಮಾನರಿಗೂ ಇಲ್ಲಿನ ಬೇರೆ ಜನಕ್ಕೂ ಇಲ್ಲ ಎಂಬುದು ಅವನ ವಾದ. ಇದನ್ನು ನೆನಪಿಟ್ಟುಕೊಳ್ಳಿ. ಗ್ರೋಷಿಯಸ್ ಒಡೆದದ್ದು ಇದನ್ನೇ.

ವಾದ

ಅವನು ಮಾಡಿದ ಮೊದಲ ಕೆಲಸ, ಸ್ಪೇನಿನ ಪಂಡಿತರನ್ನೇ ತನ್ನ ಕಡೆಯ ಸಾಕ್ಷಿ ಮಾಡಿಕೊಂಡದ್ದು. ಫ್ರಾನ್ಸಿಸ್ಕೊ ದ ವಿಟೋರಿಯ ಸಾಲಮಾಂಕದ ದೇವತಾಶಾಸ್ತ್ರದ ಗುರು. 1539ರಲ್ಲಿ ಅಮೆರಿಕದ ಮೂಲನಿವಾಸಿಗಳ ಬಗ್ಗೆ ಉಪನ್ಯಾಸ ಕೊಡುತ್ತಾ, ಪೋಪರು ಇಡೀ ಲೋಕದ ಒಡೆಯರಲ್ಲ, ಕ್ರೈಸ್ತರಲ್ಲ ಎಂಬ ಕಾರಣಕ್ಕೆ ಯಾರ ಆಸ್ತಿಯೂ ಹೋಗುವುದಿಲ್ಲ ಎಂದು ಹೇಳಿದ್ದರು. ಜನ ದೇಶದಿಂದ ದೇಶಕ್ಕೆ ಹೋಗುವುದು, ವ್ಯಾಪಾರ ಮಾಡುವುದು ಸಹಜ ಹಕ್ಕು ಎಂದೂ ಹೇಳಿದ್ದರು. ಗ್ರೋಷಿಯಸ್ ಅದನ್ನೇ ಹಿಡಿದ. ಇಂಡೀಸಿನ, ಅಂದರೆ ಭಾರತ ಮತ್ತು ಅದರ ಪೂರ್ವದ ನಾಡುಗಳ, ಜನಕ್ಕೆ ಅವರದೇ ರಾಜರಿದ್ದಾರೆ, ಅವರದೇ ಕಾನೂನಿದೆ. ಸಾವಿರಾರು ವರ್ಷದಿಂದ ಜನ ಬಾಳುತ್ತಿರುವ ನಾಡನ್ನು ನಾವು ಕಂಡುಹಿಡಿದೆವು ಅನ್ನುವುದಕ್ಕೆ ಅರ್ಥವೇ ಇಲ್ಲ. ಪೋಪರು ತಮ್ಮದಲ್ಲದ್ದನ್ನು ದಾನ ಕೊಡಲಾರರು.

ಆಮೇಲೆ ಕಡಲು. ಒಂದು ವಸ್ತು ನನ್ನದಾಗಬೇಕಾದರೆ ಅದನ್ನು ಹಿಡಿದಿಟ್ಟುಕೊಳ್ಳಲು ಸಾಧ್ಯವಿರಬೇಕು, ಬೇಲಿ ಹಾಕಲು ಆಗಬೇಕು. ನಾನು ಬಳಸಿದರೆ ಇನ್ನೊಬ್ಬನಿಗೆ ಉಳಿಯದ ವಸ್ತುವಿಗೇ ಒಡೆತನ ಬೇಕು. ಗಾಳಿ ಹಾಗಲ್ಲ, ಕಡಲೂ ಹಾಗಲ್ಲ. ಒಂದು ಹಡಗು ಹೋದ ದಾರಿಯಲ್ಲಿ ಇನ್ನೂ ಸಾವಿರ ಹಡಗು ಹೋದರೂ ನೀರು ಸವೆಯುವುದಿಲ್ಲ. ಇಲ್ಲಿ ಅವನ ಒಂದು ಮಾತು ನನಗೆ ತುಂಬಾ ಇಷ್ಟ: ಕಡಲಲ್ಲಿ ಹೋಗುವ ಹಡಗು ಹಿಂದೆ ಎಷ್ಟು ಹೆಜ್ಜೆಗುರುತು ಬಿಡುತ್ತದೋ ಅಷ್ಟೇ ಹಕ್ಕು ಬಿಡುತ್ತದೆ. ಮಲ್ಪೆಯಲ್ಲೋ ತದಡಿಯಲ್ಲೋ ದಡದಲ್ಲಿ ನಿಂತು ದೋಣಿ ಹೋಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಳಿ ನೊರೆಯ ಗೆರೆ ಏಳುತ್ತದೆ, ನೋಡುತ್ತಿದ್ದಂತೆ ಮಾಯ.

ಸರಿ, ಕಡಲು ಎಲ್ಲರದು. ಪೋರ್ಚುಗೀಸರು ತಡೆದದ್ದು ತಪ್ಪು. ಅದಕ್ಕೆ ಶಿಕ್ಷೆ ಕೊಡಲು ಈ ವ್ಯಾಪಾರಿ ಯಾರು?

ಗ್ರೋಷಿಯಸ್ ಅಂದ: ಸರ್ಕಾರಕ್ಕೆ ಶಿಕ್ಷಿಸುವ ಅಧಿಕಾರ ಎಲ್ಲಿಂದ ಬಂತು? ಜನರಿಂದ. ಜನರ ಬಳಿ ಇಲ್ಲದ್ದನ್ನು ಜನ ಕೊಡಲಾರರು. ಹಾಗಾದರೆ ಸರ್ಕಾರ ಹುಟ್ಟುವ ಮೊದಲು ಆ ಅಧಿಕಾರ ಪ್ರತಿಯೊಬ್ಬನಲ್ಲೂ ಇತ್ತು. ಜಡ್ಜೂ ಇಲ್ಲದ, ಪೊಲೀಸೂ ಇಲ್ಲದ ನಡುಗಡಲಲ್ಲಿ ಅದು ಮತ್ತೆ ಅವನ ಕೈಗೆ ಬರುತ್ತದೆ. ಹಾಗಾಗಿ ಒಂದು ಕಂಪನಿಯೂ ನ್ಯಾಯವಾದ ಯುದ್ಧ ಮಾಡಬಹುದು.

ಇದು ಹೊಸ ಮಾತು, ಧೈರ್ಯದ ಮಾತು. ಆ ಶತಮಾನ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನ ಜಾನ್ ಲಾಕ್ ಇಂಥದ್ದೇ ವಾದವನ್ನು ಮುಂದಿಟ್ಟರು. ಮನುಷ್ಯನ ಹಕ್ಕು ಸರ್ಕಾರಕ್ಕಿಂತ ಹಳೆಯದು ಅನ್ನುವ ಆಧುನಿಕ ನಂಬಿಕೆಯ ಒಂದು ಬೇರು ಇಲ್ಲಿದೆ. ಆದರೆ ಇದೇ ಸಾಲು ಓದುವಾಗ ನನಗೆ ಭಯವೂ ಆಗುತ್ತದೆ. ಕಂಪನಿ ಅನ್ನುವುದರ ಕೈಯಲ್ಲಿ ಕತ್ತಿ ಕೊಡುವುದಕ್ಕೆ ಸಿದ್ಧಾಂತ ಸಿಕ್ಕಿದ್ದೂ ಇಲ್ಲೇ. ಅಂಥ ಕಂಪನಿಗಳ ಕೆಳಗೆ ಮುಂದಿನ ಇನ್ನೂರೈವತ್ತು ವರ್ಷ ಏಷ್ಯಾ ಏನು ಅನುಭವಿಸಿತು ಅಂತ ನಮಗೆ ಗೊತ್ತಿದೆ.

ಸಂಗತಿಗಳ ವಿಷಯದಲ್ಲಿ ಅವನು ತನ್ನ ಕಕ್ಷಿದಾರರು ಕೊಟ್ಟ ಕಾಗದವನ್ನೇ ನಂಬಿದ. ಅದರಲ್ಲಿ ಮುಖ್ಯವಾದದ್ದು 1601ರ ಮಕಾವ್ ಘಟನೆ. ಅಲ್ಲಿ ದಡಕ್ಕೆ ಇಳಿದ ಡಚ್ ನಾವಿಕರನ್ನು ಪೋರ್ಚುಗೀಸರು ಹಿಡಿದು, ಹದಿನೇಳು ಜನರನ್ನು ಕೊಂದಿದ್ದರು. ಘಟನೆ ನಿಜ, ಕ್ರೂರವಾದದ್ದು. ಆದರೆ ಆ ಕೊಲೆ ಮಾಡಿದವರು ಬೇರೆ, ಸಾಂತಾ ಕತರೀನಾದಲ್ಲಿ ರೇಷ್ಮೆ ಹೇರಿದ್ದ ವ್ಯಾಪಾರಿಗಳು ಬೇರೆ. ಪ್ರಜೆಗಳ ಆಸ್ತಿ ಇಡೀ ರಾಜ್ಯದ ತಪ್ಪಿಗೆ ಹೊಣೆ ಅಂತ ಗ್ರೋಷಿಯಸ್ ಇದನ್ನು ದಾಟಿಸುತ್ತಾನೆ. ನನಗೆ ಅವನ ವಾದದಲ್ಲಿ ಅತ್ಯಂತ ಸಡಿಲವಾಗಿ ಕಾಣುವ ಗಂಟು ಇದು.

ಇದೆಲ್ಲ ಸಾಲದು ಅನ್ನಿಸಿತೋ ಏನೋ, ಅವನು ಇನ್ನೊಂದು ದಾರಿಯನ್ನೂ ಇಟ್ಟುಕೊಂಡ. ಜೊಹೋರ್ ಒಂದು ಸ್ವತಂತ್ರ ರಾಜ್ಯ. ಅದರ ಅರಸನಿಗೆ ಯುದ್ಧ ಹೂಡುವ ಪೂರ್ಣ ಅಧಿಕಾರವಿದೆ. ಪೋರ್ಚುಗೀಸರು ಅವನಿಗೆ ಕೇಡು ಮಾಡಿದ್ದರು. ಡಚ್ಚರು ಅವನ ಮಿತ್ರರಾಗಿ, ಅವನ ಪರವಾಗಿ ಹೋರಾಡಿದರು ಅಂತ ತಿಳಿದರೂ ಹಡಗು ಹಿಡಿದದ್ದು ಸರಿಯೇ. ಮಲಯಾದ ಒಬ್ಬ ಮುಸಲ್ಮಾನ ಸುಲ್ತಾನನನ್ನು ಯುರೋಪಿನ ಯಾವುದೇ ದೊರೆಗೆ ಸಮನಾಗಿ ನಿಲ್ಲಿಸಿದ ಹಾಗಾಯಿತು. ಬಾರೋಸ್ ಎಳೆದಿದ್ದ ಗೆರೆ ಅಳಿಸಿಹೋಯಿತು.

ಮದರಾಸ್ ವಿಶ್ವವಿದ್ಯಾಲಯದಲ್ಲಿ 1950ರ ದಶಕದಲ್ಲಿ ಕಾನೂನು ಕಲಿಸಿದ ಸಿ. ಎಚ್. ಅಲೆಕ್ಸಾಂಡ್ರೊವಿಚ್ ಅವರು ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಪೋರ್ಚುಗೀಸರು ಬರುವ ಮೊದಲು ಕಲ್ಲಿಕೋಟೆ, ಮಲಕ್ಕಾದಂಥ ಬಂದರುಗಳಲ್ಲಿ ಎಲ್ಲ ದೇಶದವರೂ ಬಂದು ವ್ಯಾಪಾರ ಮಾಡುವ ಕಡಲ ರೂಢಿ ಇತ್ತು, ಗ್ರೋಷಿಯಸ್ ಚಿಂತನೆಯ ಹಿಂದೆ ಅದೂ ಇದೆ ಎಂದು ವಾದಿಸಿದರು. ಆ ರೂಢಿ ಇದ್ದದ್ದು ನಿಜ. ಆದರೆ ಗ್ರೋಷಿಯಸ್ ಪುಟ ಪುಟಕ್ಕೂ ಕರೆಯುವುದು ರೋಮನ್ನರನ್ನು, ಸ್ಪೇನಿನವರನ್ನು. ನಮ್ಮ ಬಂದರುಗಳ ಜನ ಅವನ ವಾದಕ್ಕೆ ವಿಷಯ ಕೊಟ್ಟರು ಅನ್ನಬಹುದು, ಗುರುಗಳಾದರು ಅನ್ನಲು ನನಗೆ ಧೈರ್ಯ ಬರುವುದಿಲ್ಲ.

ಆಮೇಲೆ

ಗ್ರಂಥ ಮುಗಿದಾಗ ಅದರ ಅವಸರ ಕಂಪನಿಗೆ ಇರಲಿಲ್ಲ. ಗ್ರೋಷಿಯಸ್ ಅದನ್ನು ಪೆಟ್ಟಿಗೆಯಲ್ಲಿಟ್ಟ. 1609ರಲ್ಲಿ ಸ್ಪೇನಿನ ಜೊತೆ ಕದನವಿರಾಮದ ಮಾತುಕತೆ ನಡೆಯುತ್ತಿತ್ತು. ಇಂಡೀಸಿನ ವ್ಯಾಪಾರ ಬಿಟ್ಟುಬಿಡಿ ಅಂತ ಸ್ಪೇನ್ ಪಟ್ಟು ಹಿಡಿದಿತ್ತು. ಆಗ ಕಂಪನಿ ಕೇಳಿದ್ದಕ್ಕೆ ಹನ್ನೆರಡನೇ ಅಧ್ಯಾಯವನ್ನಷ್ಟೇ ತಿದ್ದಿ, ಹೆಸರಿಲ್ಲದೆ ಅಚ್ಚು ಹಾಕಿಸಿದ. ಅದೇ 'ಮಾರೆ ಲಿಬೆರುಮ್', ಮುಕ್ತ ಸಮುದ್ರ. ಹಡಗಿನ ಕಥೆ, ಕೊಳ್ಳೆಯ ಲೆಕ್ಕ ಯಾವುದೂ ಅದರಲ್ಲಿಲ್ಲ. ಕಡಲು ಎಲ್ಲರದು ಎಂಬ ವಾದವಷ್ಟೇ ಉಳಿಯಿತು.

ಒಂದು ಕೇಸಿಗಾಗಿ ಎಲ್ಲರಿಗೂ ಸಲ್ಲುವ ತತ್ವ ಹೇಳಿದರೆ, ಆ ತತ್ವವನ್ನು ಎಲ್ಲರೂ ಎತ್ತಿಕೊಳ್ಳುತ್ತಾರೆ. ಡಚ್ಚರು ಮಸಾಲೆ ದ್ವೀಪಗಳ ಅರಸರ ಜೊತೆ, ನಮಗೆ ಮಾತ್ರ ಮಾರಬೇಕು ಅಂತ ಕರಾರು ಮಾಡಿಕೊಂಡು ಇಂಗ್ಲಿಷರನ್ನು ತಡೆಯಲು ಶುರುಮಾಡಿದ್ದರು. 1613ರಲ್ಲಿ ಲಂಡನ್ನಿನಲ್ಲಿ ಈ ಬಗ್ಗೆ ಮಾತುಕತೆ. ಡಚ್ ನಿಯೋಗದಲ್ಲಿ ಗ್ರೋಷಿಯಸ್ ಇದ್ದ. ಇಂಗ್ಲಿಷರು ಅವನ ಮುಂದೆಯೇ 'ಮಾರೆ ಲಿಬೆರುಮ್' ಎತ್ತಿ ಹಿಡಿದು ವಾದಿಸಿದರು. ಅವನು ಕೊಟ್ಟ ಉತ್ತರ, ಕರಾರು ಕರಾರೇ, ಕೊಟ್ಟ ಮಾತು ಉಳಿಸಿಕೊಳ್ಳಬೇಕು ಅನ್ನುವುದೂ ನೈಸರ್ಗಿಕ ಕಾನೂನೇ ಎಂದು. ತರ್ಕಕ್ಕೆ ತಪ್ಪಿಲ್ಲ. ಆದರೆ ಆ ಕರಾರುಗಳು ತೋಪಿನ ನೆರಳಲ್ಲಿ ಆದವು. 1621ರಲ್ಲಿ ಬಾಂಡಾ ದ್ವೀಪದವರು ಕರಾರು ಮುರಿದರು ಅಂತ ಡಚ್ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್‌ಝೋನ್ ಕೂನ್ ದಂಡೆತ್ತಿ ಹೋದ. ಜಾಯಿಕಾಯಿಯ ಆ ಪುಟ್ಟ ದ್ವೀಪಗಳಲ್ಲಿ ಸುಮಾರು 15,000 ಜನ ಇದ್ದರು. ಸತ್ತವರು ಸತ್ತರು, ಕೆಲವರು ಗುಲಾಮರಾದರು, ಕೆಲವರು ಓಡಿಹೋದರು. ಸುಮಾರು ಒಂದು ಸಾವಿರ ಜನ ಉಳಿದರು. ಆ ಮೂಲ ಕರಾರಿನ ಮಾತನ್ನು ಸಮರ್ಥಿಸಿದ ವಕೀಲನ ಹೊಣೆ ಇಲ್ಲಿ ಇಲ್ಲವೇ ಇಲ್ಲ ಅನ್ನಲು ನನ್ನ ಕೈಲಾಗುವುದಿಲ್ಲ.

ಅದೇ 1621ರಲ್ಲಿ ಗ್ರೋಷಿಯಸ್ ತನ್ನ ದೇಶದ ಸೆರೆಮನೆಯಿಂದ ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿ ತಪ್ಪಿಸಿಕೊಂಡು ಫ್ರಾನ್ಸಿಗೆ ಓಡಿದ. ರಾಜಕೀಯ ಜಗಳದಲ್ಲಿ ಜೀವಾವಧಿ ಶಿಕ್ಷೆಯಾಗಿತ್ತು. 1625ರಲ್ಲಿ ಪ್ಯಾರಿಸ್ಸಿನಲ್ಲಿ ಯುದ್ಧ ಮತ್ತು ಶಾಂತಿಯ ಕಾನೂನಿನ ಬಗ್ಗೆ ಅವನ ದೊಡ್ಡ ಗ್ರಂಥ ಬಂತು. ದೇವರೇ ಇಲ್ಲ ಎಂದುಕೊಂಡರೂ ಈ ನೈಸರ್ಗಿಕ ಕಟ್ಟಳೆಗಳು ಒಂದು ಮಟ್ಟಿಗೆ ನಿಲ್ಲುತ್ತವೆ ಎಂದು ಅವನು ಬರೆದದ್ದು ಅದರಲ್ಲೇ. ಹಾಗೆಂದುಕೊಳ್ಳುವುದೇ ಮಹಾಪಾಪ ಅಂತ ಜೊತೆಗೆ ಸೇರಿಸಿದ. ಯುವಕನಾಗಿ ಕಂಪನಿಗೆ ಬರೆದ ಅನೇಕ ಸಂಗತಿಗಳು ಆ ಗ್ರಂಥದಲ್ಲಿ ಮಾಗಿದ ರೂಪದಲ್ಲಿ ಕಾಣುತ್ತವೆ.

ಮೂಲ ಹಸ್ತಪ್ರತಿ ಮಾತ್ರ ಕಣ್ಮರೆಯಾಗಿತ್ತು. 1864ರಲ್ಲಿ ಹೇಗ್ ನಗರದ ಒಂದು ಪುಸ್ತಕ ಹರಾಜಿಗೆ ಅದು ಬಂತು. ಲೈಡನ್ ವಿಶ್ವವಿದ್ಯಾಲಯ ಕೊಂಡುಕೊಂಡಿತು. ಅವನದೇ ಕೈಬರಹ, ಹೊಡೆದುಹಾಕಿದ ಸಾಲುಗಳು, ನಡುವೆ ಸೇರಿಸಿದ ಮಾತುಗಳು. 1868ರಲ್ಲಿ ಅಚ್ಚಾದ ಮೇಲೆಯೇ 'ಮಾರೆ ಲಿಬೆರುಮ್' ಒಂದು ದೊಡ್ಡ ವಕಾಲತ್ತಿನ ತುಂಡು ಎಂದು ಲೋಕಕ್ಕೆ ತಿಳಿದದ್ದು.

ಪ್ರಕರಣದ ಇನ್ನೊಂದು ಎಳೆ ಬಾಕಿ ಇದೆ. ಸಾಂತಾ ಕತರೀನಾ ಸಿಕ್ಕಿಬಿದ್ದ ಜಾಗದಿಂದ ಹೆಚ್ಚು ದೂರವಿಲ್ಲದ ಕಡೆ, ಸಿಂಗಪುರ ಜಲಸಂಧಿಯ ಪೂರ್ವದ ಬಾಗಿಲಲ್ಲಿ, ಪೆದ್ರಾ ಬ್ರಾಂಕಾ ಎಂಬ ಬಂಡೆ ದ್ವೀಪವಿದೆ. ಮೇಲೊಂದು ದೀಪಸ್ತಂಭ. ಅದು ಯಾರದು ಅಂತ ಮಲೇಷ್ಯಾ (ಜೊಹೋರ್ ಇವತ್ತು ಅದರ ಭಾಗ), ಸಿಂಗಪುರ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದವು. 2008ರ ಮೇ 23ರಂದು ತೀರ್ಪು ಬಂತು. ಆ ದ್ವೀಪ ಮೂಲದಲ್ಲಿ ಜೊಹೋರ್ ಸುಲ್ತಾನರದು ಎನ್ನುವಾಗ, ಹದಿನೇಳನೇ ಶತಮಾನದಲ್ಲೇ ಜೊಹೋರ್ ಸ್ವತಂತ್ರ ರಾಜ್ಯವಾಗಿತ್ತು ಎನ್ನಲು ನ್ಯಾಯಾಧೀಶರು ಗ್ರೋಷಿಯಸ್‌ನ ಸಾಲನ್ನೇ ಉಲ್ಲೇಖಿಸಿದರು. ಕೊಳ್ಳೆ ಹೊಡೆದ ಸರಕನ್ನು ಸಮರ್ಥಿಸಲು ಬರೆದ ಅದೇ ಸಾಲು, ಅರಸನಿಗೆ ಯುದ್ಧ ಹೂಡುವ ಅಧಿಕಾರ ಇತ್ತು ಎಂಬ ಅದೇ ಮಾತು. ಆದರೂ ದ್ವೀಪ ಜೊಹೋರ್ ಕಡೆಗೆ ಉಳಿಯಲಿಲ್ಲ. ಇದರ ಒಡೆತನ ನಾವು ಕೇಳುವುದಿಲ್ಲ ಅಂತ 1953ರಲ್ಲಿ ಜೊಹೋರ್‌ನ ಅಧಿಕಾರಿಯೊಬ್ಬರು ಸಿಂಗಪುರಕ್ಕೆ ಪತ್ರ ಬರೆದಿದ್ದರು. ಆ ಪತ್ರಕ್ಕೂ ನಂತರದ ನಡವಳಿಕೆಗೂ ನ್ಯಾಯಾಲಯ ತೂಕ ಕೊಟ್ಟಿತು. ನಾಲ್ವರು ನ್ಯಾಯಾಧೀಶರು ಒಪ್ಪಲಿಲ್ಲ, ಹನ್ನೆರಡು ಜನ ಒಪ್ಪಿದರು, ದ್ವೀಪ ಸಿಂಗಪುರಕ್ಕೆ ಹೋಯಿತು.